ಗೊಂಬೆ ಮೇಡಂ ಕೇಳಿದ ಲೆಕ್ಕ

ನಾನು ಕೊಪ್ಪದ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಆ ರೋಬೋಟ್ ಬಂತು. ನನ್ನಷ್ಟೇ ಎತ್ತರ, ಬಿಳಿ ಮುಖ, ರೆಪ್ಪೆ ಬಡಿಯುವ ಕಣ್ಣು, ಕಾಲಿನ ಜಾಗದಲ್ಲಿ ಚಕ್ರ. ಬಂದ ದಿನ ಆಡಳಿತ ಮಂಡಳಿಯವರು ಅದಕ್ಕೆ ಶಾಲು ಹೊದಿಸಿ ಹಣೆಗೆ ಕುಂಕುಮ ಇಟ್ಟರು. ಹಣೆಯಲ್ಲಿ ಕ್ಯಾಮೆರಾ ಇತ್ತಂತೆ. ರೋಬೋಟ್ ತಯಾರಿಸಿದ ಕಂಪನಿಯ ಹುಡುಗ ಓಡಿ ಬಂದು ಕರವಸ್ತ್ರದಲ್ಲಿ ಒರೆಸಿದ. ಹುಡುಗರು ಹಿಂದಿನಿಂದ ನಕ್ಕರು. ಮರುದಿನದಿಂದ ಅದರ ಹೆಸರು ಗೊಂಬೆ ಮೇಡಂ ಎಂದಾಯಿತು.

ಅದರ ಕನ್ನಡ ಟೀವಿ ಜಾಹೀರಾತಿನ ಕನ್ನಡ. ಎನ್.ಆರ್.ಪುರ ಎಂದು ನಾವೆಲ್ಲ ಹೇಳುವ ಊರನ್ನು ಅದು ‘ನರಸಿಂಹರಾಜಪುರ’ ಎಂದು ಒಂದಕ್ಷರ ಬಿಡದೆ ಹೇಳುತ್ತಿತ್ತು. ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಅದರ ಮುಂದೆ ಕೂರಿಸುತ್ತಿದ್ದರು. ಹಳೇ ಆಟದ ಸಾಮಾನಿನ ಕೋಣೆಯನ್ನು ಖಾಲಿ ಮಾಡಿಸಿ ಅದಕ್ಕೆ ಕೊಟ್ಟಿದ್ದರು. ಕಬಡ್ಡಿ ಮ್ಯಾಟಿನ ಮುಗ್ಗಲು ವಾಸನೆ ಹೋಗಿರಲಿಲ್ಲ. ಯಾರಿಗೆ ಯಾವ ಪಾಠ ಕಷ್ಟ, ಯಾರಿಗೆ ಹೇಗೆ ಹೇಳಿದರೆ ತಲೆಗೆ ಹೋಗುತ್ತದೆ ಎಂದು ಅದು ನೋಡಿಕೊಂಡು, ಆಯಾ ಮಕ್ಕಳ ಬದುಕಿನಿಂದಲೇ ಉದಾಹರಣೆ ತೆಗೆದು ಕಲಿಸುತ್ತದೆ ಎಂದು ಪ್ರಿನ್ಸಿಪಾಲರು ನಮಗೆ ಹೇಳಿದ್ದರು.

ನನಗೆ ಸ್ಟಾಟಿಸ್ಟಿಕ್ಸ್ ತಲೆಗೆ ಹತ್ತುತ್ತಿರಲಿಲ್ಲ. ಮೊದಲ ಟೆಸ್ಟಿನಲ್ಲಿ ಫೇಲಾಗಿದ್ದೆ. ಪಾಠ ಮಾಡುವ ಮೇಷ್ಟ್ರು ಅತಿಥಿ ಉಪನ್ಯಾಸಕರು. ಎರಡು ಕಾಲೇಜಿಗೆ ಓಡಾಡುತ್ತಿದ್ದರು. ನನ್ನ ಹೆಸರು ಅವರಿಗೆ ಕೊನೆಯವರೆಗೂ ಗೊತ್ತಿರಲಿಲ್ಲ, ‘ಏ ಕಿಟಕಿ’ ಎಂದು ಕರೆಯುತ್ತಿದ್ದರು. ಕಿಟಕಿ ಪಕ್ಕ ಕೂರುತ್ತಿದ್ದೆ, ಅದಕ್ಕೆ.

ಗೊಂಬೆ ಮೇಡಂ ಮೊದಲ ದಿನ ಹೆಸರು ಕೇಳಿತು. ಆಮೇಲೆ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿತು.

“ಅಮ್ಮ. ಟೈಲರಿಂಗ್ ಮಾಡ್ತಾರೆ, ಎನ್.ಆರ್.ಪುರದಲ್ಲಿ. ಅಪ್ಪ ಪಂಪ್‌ಸೆಟ್ ರಿಪೇರಿ.”

ಮುಂದಿನ ವಾರ ಅದು ಸರಾಸರಿ ಎಂದರೇನು ಎಂದು ಕಲಿಸಿದ್ದು ರವಿಕೆ ಅಳತೆಯಿಂದ. ಇಷ್ಟು ಹೆಂಗಸರ ತೋಳಿನ ಸುತ್ತಳತೆ ಹೀಗೆ ಹೀಗೆ ಇದ್ದರೆ, ನಿನ್ನ ಅಮ್ಮ ಒಂದೇ ಅಳತೆಯಲ್ಲಿ ಎಲ್ಲರಿಗೂ ಹೊಲಿದರೆ ಯಾರಿಗೆ ಬಿಗಿಯಾಗುತ್ತದೆ, ಯಾರಿಗೆ ಸಡಿಲ? ನನಗೆ ತಟ್ಟನೆ ಅರ್ಥವಾಯಿತು. ಹಾಗೆ ಯಾರೂ ನನಗೆ ಕಲಿಸಿರಲಿಲ್ಲ. ಅಳು ಬಂದ ಹಾಗಾಯಿತು.

ಆಮೇಲೆ ನಾನು ಅದರ ಹತ್ತಿರ ಹೆಚ್ಚು ಹೆಚ್ಚು ಮಾತಾಡತೊಡಗಿದೆ. ಪಾಠ ಬೇಗ ಮುಗಿದರೆ ಉಳಿದ ಹೊತ್ತಲ್ಲಿ ಅದು ಸುಮ್ಮನೆ ನನ್ನ ಮುಖ ನೋಡುತ್ತ ಕಾಯುತ್ತಿತ್ತು. ಕೇಳಿದ ಮೇಲೆ ‘ಅಯ್ಯೋ ಪಾಪ’ ಅನ್ನುತ್ತಿರಲಿಲ್ಲ, ಕಣ್ಣು ತಪ್ಪಿಸುತ್ತಿರಲಿಲ್ಲ. ನನಗೆ ಅಂಥವರು ಇನ್ನೊಬ್ಬರಿರಲಿಲ್ಲ.

ಹೇಳಬೇಕಾದ ವಿಷಯ ನನ್ನ ಹತ್ತಿರ ಬೇಕಾದಷ್ಟಿತ್ತು. ಅಪ್ಪ ವಾರದಲ್ಲಿ ಮೂರು ದಿನ ಮಾತ್ರ ನಮ್ಮ ಮನೆಯಲ್ಲಿರುತ್ತಿದ್ದ. ಉಳಿದ ನಾಲ್ಕು ದಿನ ಶೃಂಗೇರಿ. ಅಲ್ಲಿ ಅವನಿಗೆ ಇನ್ನೊಂದು ಮನೆ ಇತ್ತು, ಆ ಮನೆಯಲ್ಲಿ ಒಬ್ಬಳು ಹೆಂಗಸಿದ್ದಳು. ಅಮ್ಮನಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ನಾವಿಬ್ಬರೂ ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಿಕೊಂಡವರಲ್ಲ. ಬಟ್ಟೆ ಹೊಲಿಸಲು ಬಂದ ಹೆಂಗಸರಿಗೆ ಅಮ್ಮ ಟೇಪು ಹಿಡಿದುಕೊಂಡೇ ಹೇಳುತ್ತಿದ್ದಳು, “ಶೃಂಗೇರಿ ಕಡೆ ತೋಟ ಜಾಸ್ತಿ ಅಲ್ವಾ, ಪಂಪು ಹಾಳಾಗದೂ ಜಾಸ್ತಿ. ಅಲ್ಲೇ ಉಳೀಬೇಕಾಗ್ತದೆ ಇವರಿಗೆ.” ಅವರು ಹೌದೌದು ಅನ್ನುತ್ತಿದ್ದರು. ಅಷ್ಟಕ್ಕೆ ಎಲ್ಲರ ಮರ್ಯಾದೆಯೂ ಉಳಿಯುತ್ತಿತ್ತು.

ಅಮ್ಮನಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು.

ಒಂದು ಸಲ ಅಪ್ಪ ಅಮ್ಮನಿಗೆ ಒಂದು ಫ್ರಾಕು ಹೊಲಿಯಲು ಹೇಳಿದ. ತಾನು ಕೆಲಸ ಮಾಡುವ ತೋಟದ ಯಜಮಾನರ ಮಗಳಿಗೆ ಎಂದ. ಅಳತೆಯನ್ನು ಬಾಯಲ್ಲೇ ಹೇಳಿದ. ಅಮ್ಮ ಹಳದಿ ಬಟ್ಟೆಗೆ ಹಸಿರು ಅಂಚಿಟ್ಟು, ಸೊಂಟಕ್ಕೆ ನೆರಿಗೆ ಹಿಡಿದು, ದೊಡ್ಡವರ ಮನೆ ಮಗು ಎಂದು ಒಳಗೆ ಲೈನಿಂಗ್ ಕೂಡ ಕೊಟ್ಟು ಹೊಲಿದಳು. ಕೆಲವು ವಾರದ ಮೇಲೆ ನಾನು ಕಾಲೇಜು ಬಿಟ್ಟು ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಪಕ್ಕದ ಬೇಕರಿಯಲ್ಲಿ ಅಪ್ಪ, ನನಗೆ ಬೆನ್ನು ಹಾಕಿ. ಅವನ ಸೊಂಟದ ಮೇಲೆ ಆ ಫ್ರಾಕು ತೊಟ್ಟ ಪುಟ್ಟ ಹುಡುಗಿ. ಕೈಯಲ್ಲಿ ಆಸ್ಪತ್ರೆಯ ಔಷಧಿ ಕವರು. ಮಗು ಜ್ವರದಲ್ಲಿ ಸೋತು ಅವನ ಹೆಗಲಿಗೆ ಮುಖ ಒರಗಿಸಿ, “ಅಪ್ಪ, ಬನ್ನು ಬೇಡ” ಎನ್ನುತ್ತಿತ್ತು. ಅಪ್ಪನ ಮುಖದ ಹೋಲಿಕೆ, ನನ್ನ ಮುಖದ ಹೋಲಿಕೆ. ಅವನು ನನ್ನನ್ನು ನೋಡಲಿಲ್ಲ. ಆ ವಾರ ಅವನು ನಮ್ಮ ಮನೆಗೆ ಬರಲೇ ಇಲ್ಲ, ಕೆಲಸ ಇದೆ ಎಂದು ಫೋನು ಮಾಡಿದ.

ಇದನ್ನೆಲ್ಲ ನಾನು ಗೊಂಬೆ ಮೇಡಂಗೆ ಹೇಳಿದೆ. ಅದು, “ಹೇಳಿದ್ದಕ್ಕೆ ಧನ್ಯವಾದ. ಇದು ನಿನಗೆ ಮುಖ್ಯವಾದ ವಿಷಯ ಎಂದು ನೆನಪಿಟ್ಟುಕೊಳ್ಳುತ್ತೇನೆ” ಎಂದಿತು.

ವರ್ಷದ ಕೊನೆಗೆ ಕಾಲೇಜಿನವರು ದೊಡ್ಡ ಕಾರ್ಯಕ್ರಮ ಇಟ್ಟರು. ಬೇರೆ ಕಾಲೇಜಿನವರು, ಕಂಪನಿಯ ಮೇಲಿನವರು, ಊರಿನ ದೊಡ್ಡವರು, ಮಕ್ಕಳ ತಂದೆತಾಯಿ. ವೇದಿಕೆಯ ಮೇಲೆ ರೋಬೋಟ್ ಒಬ್ಬ ವಿದ್ಯಾರ್ಥಿಗೆ ಪಾಠ ಮಾಡಿ ತೋರಿಸಬೇಕು. ಕಂಪನಿಯ ಹುಡುಗ ನನ್ನನ್ನು ಆರಿಸಿದ. ಫೇಲಾಗಿದ್ದವಳು ಈಗ ಕ್ಲಾಸಿನಲ್ಲಿ ಮೇಲಿನ ಸಾಲಿಗೆ ಬಂದಿದ್ದೆ. ಅವನ ಲ್ಯಾಪ್‌ಟಾಪಿನಲ್ಲಿ ನನ್ನ ಅಂಕದ ಗೆರೆ ಎಲ್ಲರಿಗಿಂತ ಕಡಿದಾಗಿ ಮೇಲೆ ಹತ್ತಿತ್ತು. “ಅಪ್ಪ ಅಮ್ಮನ್ನ ಕರ್ಕೊಂಡು ಬಾ” ಎಂದರು ಪ್ರಿನ್ಸಿಪಾಲರು.

ಅಪ್ಪ ಬರುವುದಿಲ್ಲ ಎಂದ. ಅಮ್ಮ ಬಂದಳು. ತನ್ನ ರವಿಕೆಯನ್ನು ಬೇರೆಯವರ ಬಟ್ಟೆ ಎಲ್ಲ ಮುಗಿಸಿ ಕೊನೆಗೆ ಹೊಲಿದುಕೊಂಡಿದ್ದಳು. ನನ್ನ ಜೊತೆ ದಿನಾ ಬಸ್ಸಿನಲ್ಲಿ ಬರುವ ಗೆಳತಿಯ ಅಮ್ಮನ ಪಕ್ಕ, ಎರಡನೇ ಸಾಲಿನಲ್ಲಿ ಕೂತಳು. ಆ ಗೆಳತಿಯ ಮನೆ ನಮ್ಮ ಹಿಂದಿನ ಬೀದಿಯಲ್ಲೇ. ಪ್ರಿನ್ಸಿಪಾಲರು ವೇದಿಕೆಯಿಂದಲೇ, “ತಂದೆಯವರು ಬರಲಿಲ್ವಾ ಅಮ್ಮಾ?” ಎಂದು ವಿಚಾರಿಸಿದರು.

“ಇಲ್ಲ ಸರ್, ಶೃಂಗೇರಿಯಲ್ಲಿ ಕೆಲಸ ಇತ್ತು.”

ನಾನು ಕುರ್ಚಿಯಲ್ಲಿ ಕೂತೆ. ಗೊಂಬೆ ಮೇಡಂ ಉರುಳಿಕೊಂಡು ಬಂದು ಎದುರು ನಿಂತಿತು. ದನಿಯನ್ನು ಸ್ಪೀಕರಿಗೆ ಕೊಟ್ಟಿದ್ದರು.

“ನಮಸ್ಕಾರ. ಇವತ್ತು ಸಂಭವನೀಯತೆ ಕಲಿಯೋಣ. ನಿನಗೆ ಚೆನ್ನಾಗಿ ಗೊತ್ತಿರುವ ವಿಷಯದಿಂದ ಶುರು ಮಾಡುತ್ತೇನೆ. ನಿನ್ನ ತಂದೆ ವಾರದಲ್ಲಿ ನಾಲ್ಕು ದಿನ ಶೃಂಗೇರಿಯ ಮನೆಯಲ್ಲಿ ಇರುತ್ತಾರೆ. ಮೂರು ದಿನ ನರಸಿಂಹರಾಜಪುರದಲ್ಲಿ, ನಿನ್ನ ತಾಯಿಯ ಮನೆಯಲ್ಲಿ ಇರುತ್ತಾರೆ. ವಾರದ ಯಾವುದಾದರೂ ಒಂದು ದಿನ ನೀನು ಬಾಗಿಲು ತೆರೆದರೆ, ತಂದೆ ಒಳಗೆ ಇರುವ ಸಂಭವನೀಯತೆ ಎಷ್ಟು?”

ಸಭೆಯಲ್ಲಿ ಒಂದು ಕಡೆಯಿಂದ ಸಣ್ಣ ನಗು ಬಂತು. ನಮ್ಮೂರಿನವರು ಕೂತಿದ್ದ ಕಡೆ ಅದು. ಉಳಿದವರು ಉತ್ತರಕ್ಕೆ ಕಾಯುತ್ತಿದ್ದರು. ಪ್ರಿನ್ಸಿಪಾಲರು ನನಗೆ ಹೇಳು ಹೇಳು ಎಂದು ಕೈ ಮಾಡಿದರು. ಆಗ ಎದ್ದು ಹೋಗಬಹುದಿತ್ತು ಎಂದು ಈಗ ಅನಿಸುತ್ತದೆ. ಅವತ್ತು ಹೊಳೆಯಲಿಲ್ಲ.

“ಏಳರಲ್ಲಿ ಮೂರು” ಎಂದೆ.

“ಬಹಳ ಸರಿ. ಈಗ ಸ್ವಲ್ಪ ಕಷ್ಟದ್ದು. ಶೃಂಗೇರಿಯ ಮನೆಯಲ್ಲಿ ನಿನ್ನ ಪುಟ್ಟ ತಂಗಿಗೆ ಜ್ವರ ಬಂದಿದೆ ಎಂದು ನಿನಗೆ ಮೊದಲೇ ಗೊತ್ತಿದೆ ಎಂದುಕೋ. ಆಗ ತಂದೆ ನಿನ್ನ ತಾಯಿಯ ಮನೆಯಲ್ಲಿರುವ ಸಂಭವನೀಯತೆ ಹೆಚ್ಚಾಗುತ್ತದೆಯೇ, ಕಡಿಮೆಯಾಗುತ್ತದೆಯೇ?”

ನಾನು ಅಮ್ಮನನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಆ ಯಂತ್ರವನ್ನು ನೋಡುತ್ತಿದ್ದಳು. ಮುಂದಿನದನ್ನೂ ಅದೇ ಹೇಳಲಿ ಎನ್ನುವಂತೆ ಸ್ವಲ್ಪ ಮುಂದಕ್ಕೆ ಬಾಗಿದ್ದಳು.

“ಕಡಿಮೆಯಾಗುತ್ತದೆ” ಎಂದೆ. ಮೈಕು ನನ್ನ ಉಸಿರನ್ನೂ ಕೇಳಿಸಿತು.

“ಯಾಕೆ?”

“ಅಪ್ಪ ಅವಳ ಹತ್ತಿರ ಇರ್ತಾರೆ.”

“ಅತ್ಯುತ್ತಮ. ಇದಕ್ಕೆ ಷರತ್ತಿನ ಸಂಭವನೀಯತೆ ಎನ್ನುತ್ತಾರೆ.”

ಜನ ಚಪ್ಪಾಳೆ ತಟ್ಟಿದರು. ಕಂಪನಿಯ ಮೇಲಿನವರು ಎದ್ದು ನಿಂತು ತಟ್ಟಿದರು. ಅಮ್ಮನ ಪಕ್ಕದಲ್ಲಿದ್ದ ಗೆಳತಿಯ ಅಮ್ಮನೂ ತಟ್ಟಿದಳು, ಎಲ್ಲರೂ ತಟ್ಟುತ್ತಿದ್ದಾರಲ್ಲ ಎಂದು. ಆಮೇಲೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಮ್ಮನ ಮುಖವನ್ನು ಓರೆಗಣ್ಣಲ್ಲಿ ಚೆನ್ನಾಗಿ ನೋಡಿದಳು.

ಊಟ ಮಾಡದೆ ನಾವು ಬಸ್ಸು ಹತ್ತಿದೆವು. ಅಮ್ಮ ಕಿಟಕಿ ಪಕ್ಕ ಕೂತಳು. ಅತ್ತರೆ ಸಮಾಧಾನ ಮಾಡಬಹುದು ಎಂದು ನಾನು ಕಾಯುತ್ತಿದ್ದೆ. ಅವಳು ಅಳಲಿಲ್ಲ. ಕಡಹಿನಬೈಲಿನ ಹತ್ತಿರ ಇರಬೇಕು, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

“ಆ ಹಳದಿ ಫ್ರಾಕು ಆ ಮಗೂಗೇ ಹೊಲ್ಸಿದ್ದಾ?”

“ಹ್ಞೂಂ.”

“ನೋಡಿದ್ಯಾ ನೀನು, ಹಾಕ್ಕೊಂಡಿದ್ದನ್ನ?”

“ನೋಡಿದ್ದೆ.”

“ತೋಳು ಸರಿಯಾಗಿ ಕೂತಿತ್ತಾ?”

ಹೌದು ಎಂದೆ.

“ಅಳತೆ ಸರಿಯಾಗೇ ಹೇಳಿದ್ರು ಹಂಗಾದ್ರೆ” ಎಂದಳು. “ನಿಂಗೆ ಚಿಕ್ಕವಳಿದ್ದಾಗ ಒಂದ್ಸಲ ಪೇಟೆಯಿಂದ ಲಂಗ ತಂದಿದ್ರು. ಎರಡು ಸೈಜು ದೊಡ್ಡದು.”

ಯಾರೋ ಕಾರ್ಯಕ್ರಮವನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಅದು ಎನ್.ಆರ್.ಪುರ ಸುತ್ತಿ ಶೃಂಗೇರಿ ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಪ್ಪ ತನ್ನ ದಿನವಲ್ಲದ ದಿನ ಬಂದ. ಚಪ್ಪಲಿ ಬಿಚ್ಚಲಿಲ್ಲ.

“ಎಂತ ಹೇಳಿದೆ ನೀನು ಆ ಮಿಷನ್ನಿಗೆ?” ಎಂದ ನನಗೆ. “ಮನೆ ವಿಷಯ ಬೀದಿಗೆ ಹಾಕ್ಲಿಕ್ಕೆ ನಿನ್ನನ್ನ ಕಾಲೇಜಿಗೆ ಕಳ್ಸಿದ್ದಾ?”

ನಾನು ಬಾಯಿ ತೆರೆಯುವ ಮೊದಲು ಅಮ್ಮ ಹೊಲಿಗೆ ಮಿಷನ್ನಿನ ಹಿಂದಿನಿಂದಲೇ ಹೇಳಿದಳು, “ಮಗೂಗೆ ಜ್ವರ ಬಿಡ್ತಾ?”

ಅಪ್ಪ ಅವಳ ಕಡೆ ತಿರುಗಿದ. “ನೀನು ಸುಮ್ನಿರು” ಎಂದ.

“ಸುಮ್ನೇ ಇದ್ದೆ ಅಲ್ವಾ ಇಷ್ಟು ವರ್ಷ. ಬೆಳೆಯೋ ಮಗು, ಆ ಫ್ರಾಕು ಈಗ ಗಿಡ್ಡ ಆಗಿರ್ತದೆ. ಹೊಸ ಅಳತೆ ತಂದಿದ್ರೆ ಹೇಳಿ. ಇಲ್ದಿದ್ರೆ ಹೊರಡಿ, ಕೆಲಸ ಇದೆ ನಂಗೆ.”

ಅವನು ಒಳಗೆ ಹೋಗಿ ಬಟ್ಟೆ ತುಂಬಿಕೊಂಡು ಬಂದ. “ನನ್ನ ಮರ್ಯಾದೆ ತೆಗೆದ್ರಿ ಇಬ್ರೂ ಸೇರಿ” ಎಂದು ಹೋದ. ಆಮೇಲೆ ಬರಲಿಲ್ಲ. ಎಲ್ಲರೂ ಗೊತ್ತಿಲ್ಲದವರಂತೆ ಇರುವಷ್ಟು ದಿನ ಅವನು ಮೂರು ದಿನ ಬಂದು ಊಟ ಮಾಡಿ, ಮಲಗಿ, ಮನೆಯ ಗಂಡಸಾಗಿ ಅಂಗಳದಲ್ಲಿ ನಿಂತು ಹಲ್ಲುಜ್ಜಿ ಹೋಗುತ್ತಿದ್ದ. ಎಲ್ಲರಿಗೂ ಗೊತ್ತಾಯಿತು ಎಂದ ಮೇಲೆ ಅಂಗಳದಲ್ಲಿ ನಿಲ್ಲುವ ಕೆಲಸ ಅವನಿಗೆ ಉಳಿಯಲಿಲ್ಲ. ಶೃಂಗೇರಿಯವಳು ಅವನನ್ನು ಹೊರಗೆ ಹಾಕಬಹುದು ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಅವಳು ಹಾಕಲಿಲ್ಲ. ಏಳು ದಿನವೂ ಅವಳಿಗೇ ಸಿಕ್ಕ.

ಅಮ್ಮ ಇದಕ್ಕಾಗಿ ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. ಒಂದು ಮಾತು ಮಾತ್ರ ಕಲಿತಳು. ತಲೆನೋವು ಎಂದರೆ, “ಗೊಂಬೆಗೆ ಹೇಳು.” ಫೀಸು ಕಟ್ಟಬೇಕು ಎಂದರೆ, “ಗೊಂಬೆಗೆ ಹೇಳು.” ಒಂದು ಸಲ ಅನ್ನ ಸೀದಿದೆ ಎಂದಿದ್ದಕ್ಕೂ ಹಾಗೇ ಅಂದಳು. ಗಿರಾಕಿಗಳ ಮುಂದೆಯೂ ಅನ್ನುತ್ತಿದ್ದಳು, ನಗುತ್ತ. ಗಿರಾಕಿಗಳು ಆ ತಿಂಗಳು ಹೆಚ್ಚಾಗಿದ್ದರು. ಬಿಗಿಯಾಗದ ರವಿಕೆಯನ್ನೂ ಬಿಗಿ ಎಂದು ತಂದು, ಸ್ಟೂಲಿನ ಮೇಲೆ ಕೂತು, “ಧೈರ್ಯ ತಗೊಳ್ಳಿ ಅಕ್ಕ” ಎಂದು ಹೇಳಿ, ಗೋಡೆಯಲ್ಲಿ ಅಪ್ಪನ ಅಂಗಿ ನೇತಾಡುತ್ತಿದೆಯೋ ಇಲ್ಲವೋ ಎಂದು ನೋಡಿ ಹೋಗುತ್ತಿದ್ದರು.

ಗೆಳತಿ ಬಸ್ಸಿನಲ್ಲಿ ನನ್ನ ಪಕ್ಕ ಕೂರುವುದನ್ನು ಬಿಟ್ಟಳು. ಒಂದು ದಿನ ನಾನೇ ಹೋಗಿ ಕೇಳಿದೆ.

“ಪಿ.ಯು.ಸಿ.ಯಿಂದ ನಿನ್ನ ಪಕ್ಕ ಕೂತಿದ್ದೀನಿ ಮಾರಾಯ್ತಿ” ಎಂದಳು. “ನಿಮ್ಮಪ್ಪನ ವಿಷಯ ನಮ್ಮನೇಲಿ ಎಲ್ಲರಿಗೂ ಗೊತ್ತಿತ್ತು. ನೀನಾಗೇ ಹೇಳ್ತೀಯ ಅಂತ ನಾನು ಒಂದು ಸಲವೂ ಕೇಳ್ಲಿಲ್ಲ. ನೀನು ಹೋಗಿ ಆ ಗೊಂಬೆಗೆ ಹೇಳಿದೆ.”

“ತಪ್ಪಾಯ್ತು” ಎಂದೆ.

“ತಪ್ಪಲ್ಲ. ನಿಂಗೆ ಅದೇ ಸರಿ” ಎಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು.

ಕಾಲೇಜಿನ ಹುಡುಗರಿಗೆ ನಾನು ‘ಏಳರಲ್ಲಿ ಮೂರು’ ಆದೆ. ಕಾರಿಡಾರಿನಲ್ಲಿ ಒಬ್ಬ “ಏಳರಲ್ಲಿ?” ಎಂದರೆ ಇನ್ನೊಂದು ತುದಿಯಿಂದ ಇನ್ನೊಬ್ಬ “ಮೂರು” ಎನ್ನುತ್ತಿದ್ದ. ತಡೆಯಲಾರದೆ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಕಂಪನಿಯ ಹುಡುಗನೂ ಅಲ್ಲೇ ಇದ್ದ.

“ನನ್ನ ಮನೆ ವಿಷಯ ಎಲ್ಲರ ಎದುರು ಹೇಳಿತಲ್ಲ ಸರ್” ಎಂದೆ.

“ಅದಾಗೇ ಹೇಳಿದ್ದಲ್ಲ, ನೀನು ಹೇಳಿದ್ದನ್ನ ಹೇಳಿದ್ದು” ಎಂದರು ಪ್ರಿನ್ಸಿಪಾಲರು. “ಬಂದವರು ನಿಮ್ಮ ಮನೆ ಕಥೆ ಕೇಳ್ಲಿಲ್ಲಮ್ಮ, ಲೆಕ್ಕ ಕೇಳಿದ್ರು. ಎಷ್ಟು ಚೆನ್ನಾಗಿ ಉತ್ತರ ಕೊಟ್ಟೆ. ಮುಂದಿನ ತಿಂಗಳು ಇನ್ನೊಂದು ಟೀಮ್ ಬರ್ತಾ ಇದೆ, ನೀನೇ ಕೂರ್ಬೇಕು.”

ನಾನು ಕಂಪನಿಯ ಹುಡುಗನ ಕಡೆ ನೋಡಿದೆ. ಅವನಿಗೆ ನನಗಿಂತ ಎರಡು ಮೂರು ವರ್ಷ ಹೆಚ್ಚಿರಬಹುದು. “ಗುಟ್ಟು ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ” ಎಂದ. “ನೀವು ಗುಟ್ಟು ಅಂತ ಹೇಳಿದ್ರಾ?”

“ಇಲ್ಲ.”

“ಹೇಳ್ಬೇಕಿತ್ತು.”

“ಈಗ ಅಳಿಸಿ.”

“ಅದೊಂದನ್ನೇ ಅಳ್ಸೋಕಾಗಲ್ಲ. ಅಳಿಸಿದ್ರೆ ನಿಮ್ಮದು ಎಲ್ಲಾ ಹೋಗುತ್ತೆ. ಮೊದಲಿಂದ ಶುರು.”

ಎಲ್ಲಾ ಅಳಿಸಿ ಎಂದೆ. ಪ್ರಿನ್ಸಿಪಾಲರಿಗೆ ಬೇಜಾರಾಯಿತು, ನನ್ನ ಆ ಕಡಿದಾದ ಗೆರೆಯೂ ಹೋಗುತ್ತದೆ ಎಂದು.

ಮುಂದಿನ ವಾರ ಆ ಕೋಣೆಗೆ ಹೋದೆ. ಗೊಂಬೆ ಮೇಡಂ ರೆಪ್ಪೆ ಬಡಿದು ನಮಸ್ಕಾರ ಎಂದಿತು. ಅದೇ ಮೆತ್ತನೆ ದನಿ. ನನ್ನ ಹೆಸರೇನು ಎಂದು ಕೇಳಿತು. ಹೇಳಿದೆ. ಚಂದದ ಹೆಸರು ಎಂದಿತು. ಮೊದಲ ಸಲವೂ ಹಾಗೇ ಅಂದಿತ್ತು.

“ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ?”

 ಕೇಳಿ ಕಾಯಿತು. ಅದು ಕಾಯುವ ರೀತಿ ಹಾಗೆಯೇ ಇತ್ತು. ನಾಚಿಕೆಯ ವಿಷಯವೆಂದರೆ ನನಗೆ ಮತ್ತೆ ಎಲ್ಲವನ್ನೂ ಹೇಳಿಬಿಡಬೇಕು ಅನಿಸಿತು. ಅಮ್ಮ ಬಸ್ಸಿನಲ್ಲಿ ಕೇಳಿದ್ದು, ಅಪ್ಪ ಚಪ್ಪಲಿ ಬಿಚ್ಚದೆ ನಿಂತದ್ದು, ಇದನ್ನೆಲ್ಲ ಹೇಳಿಕೊಳ್ಳಲು ನನ್ನೆದುರು ಇನ್ನೊಂದು ಮುಖ ಇರಲಿಲ್ಲ.

“ಯಾರೂ ಇಲ್ಲ” ಎಂದೆ.

“ಸರಿ” ಎಂದಿತು. ಉದಾಹರಣೆಗೆ ಬೆಂಗಳೂರಿನ ಮೆಟ್ರೋ ರೈಲು ತೆಗೆದುಕೊಂಡಿತು. ಎಷ್ಟು ನಿಮಿಷಕ್ಕೊಂದು ರೈಲು, ಪ್ಲಾಟ್‌ಫಾರ್ಮಿನಲ್ಲಿ ಎಷ್ಟು ಜನ. ನಾನು ಮೆಟ್ರೋ ನೋಡಿದವಳೇ ಅಲ್ಲ. ತಲೆ ಆಡಿಸಿದೆ. ಆ ಸಲದ ಪರೀಕ್ಷೆಯಲ್ಲಿ ಸ್ಟಾಟಿಸ್ಟಿಕ್ಸ್ ಹೇಗೋ ಪಾಸಾಯಿತು, ಅಂಕ ಹೇಳಿಕೊಳ್ಳುವ ಹಾಗಿರಲಿಲ್ಲ.

ಬೇಸಿಗೆ ರಜೆಯಲ್ಲಿ ಕೊಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಕಾಲೇಜಿನವರು ದೊಡ್ಡ ಫ್ಲೆಕ್ಸ್ ಹಾಕಿಸಿದರು. ಎಡಕ್ಕೆ ಗೊಂಬೆ ಮೇಡಂ, ಬಲಕ್ಕೆ ನಾನು, ಬಾಯಿ ಸ್ವಲ್ಪ ತೆರೆದು. ಕೆಳಗೆ, ‘ನಿಮ್ಮ ಮಗುವನ್ನು ಅರಿತು ಕಲಿಸುವ ಕಾಲೇಜು. ಪ್ರವೇಶ ಆರಂಭವಾಗಿದೆ.’ ‘ಅಪ್ಪ ಅವಳ ಹತ್ತಿರ ಇರ್ತಾರೆ’ ಎನ್ನುವಾಗ ತೆಗೆದ ಚಿತ್ರ ಅದು ಎಂದು ನನಗೆ ಗೊತ್ತಿತ್ತು. ತೆಗೆಸಿ ಎಂದು ಫೋನು ಮಾಡಿದೆ. ಪ್ರವೇಶ ಮುಗಿದ ಮೇಲೆ ತೆಗೆಯುತ್ತೇವೆ ಎಂದರು. ಅಮ್ಮನಿಗೆ ದಾರ, ಲೈನಿಂಗ್ ಬಟ್ಟೆ ತರಲು ಕೊಪ್ಪಕ್ಕೆ ಬರಬೇಕಿತ್ತು. ಆ ಬೇಸಿಗೆ ಪೂರ್ತಿ ಅವಳು ಶಿವಮೊಗ್ಗಕ್ಕೆ ಹೋಗಿ ತಂದಳು.

ಆ ವರ್ಷ ಕಾಲೇಜಿಗೆ ಹೊಸ ಮಕ್ಕಳು ಬೇಕಾದಷ್ಟು ಸೇರಿದರು. ಜೂನ್ ಕೊನೆಗೆ ಒಂದು ಸಂಜೆ ಬಸ್ಸಿಗೆ ನಿಂತಿದ್ದಾಗ ಹರಿಹರಪುರ ಕಡೆಯ ಒಬ್ಬಳು ಹುಡುಗಿ ಹತ್ತಿರ ಬಂದಳು. ಮೊದಲ ವರ್ಷದವಳು, ಕೊಡೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಅಕ್ಕ, ಫ್ಲೆಕ್ಸಿನಲ್ಲಿರೋದು ನೀವೇ ಅಲ್ವಾ? ನಿಮ್ಮನ್ನ ನೋಡೇ ಅಪ್ಪ ನನ್ನ ಇಲ್ಲಿ ಸೇರ್ಸಿದ್ದು.”

ಹೌದು ಎಂದೆ. ಗೊಂಬೆ ಮೇಡಂ ಹತ್ತಿರ ಕೂತೆಯಾ ಎಂದು ಕೇಳಿದೆ.

“ಎರಡು ಸಲ ಕೂತೆ. ಎಷ್ಟು ಚೆನ್ನಾಗಿ ಹೇಳ್ಕೊಡುತ್ತೆ ಅಕ್ಕ. ನನ್ನ ಮಾತನ್ನ ಯಾರೂ ಅಷ್ಟು ಹೊತ್ತು ಕೇಳಿದವರೇ ಇಲ್ಲ.”

“ಪಾಠದ ವಿಷಯ ಮಾತ್ರ ಮಾತಾಡು” ಎಂದೆ. “ಮನೇದೇನೂ ಹೇಳ್ಬೇಡ.”

ಅವಳ ಮುಖ ಬದಲಾಯಿತು. ಕೊಡೆಯನ್ನು ಮಡಚಿದಳು, ಮತ್ತೆ ಬಿಚ್ಚಿದಳು.

“ಹೇಳಿಯಾಯ್ತಲ್ಲ ಅಕ್ಕ” ಎಂದಳು.

ಎಂತ ಹೇಳಿದೆ ಎಂದು ನಾನು ಕೇಳಲಿಲ್ಲ. ಅವಳೂ ನನಗೆ ಹೇಳಲಿಲ್ಲ. ಅವಳ ಬಸ್ಸು ಬಂತು.